ಹಾಸಿನ ಓಣಿ

ಆಗೆಲ್ಲ ಬನಹಟ್ಟಿಯ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ಗಂಜಿಯ ವಾಸನೆಯಿಂದ. ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದನೂಲನ್ನು, ಓಣಿಯ ಈ ತುದಿಯಿಂದ ಆ ತುದಿಗೆ ಬಿಗಿದು, ಗಂಜಿ ಸವರಿ ಬಾಚುತ್ತಿದ್ದರು. ನಮ್ಮ ಹಿರಿಯರು ಇಲ್ಲಿಗೆ ಬಂದಾಗ ಮೊದಲು ನೆಟ್ಟದ್ದು ಹಾಸಿನ ಗೂಟವಂತೆ, ಮನೆಗಳ ಬುನಾದಿ ಆಮೇಲೆ. ಓಣಿ ನೂಲು ಹಿಡಿದಷ್ಟು ನೇರವಾಗಿರುವುದು ಅದಕ್ಕೇ.

ಹಸಿ ಹಾಸು ನೆಲಕ್ಕೆ ತಾಗಿತೋ, ಎಳೆಗಳೆಲ್ಲ ಅಂಟಿಕೊಂಡು ಹಾಳು. ಅದು ಒಣಗುವ ತನಕ ಸೈಕಲ್ಲಿಗೂ ಪ್ರವೇಶವಿರಲಿಲ್ಲ. ನಾವು ಹುಡುಗಿಯರು ಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ, ಕುಂಟಾಟಕ್ಕೆ ಜಾಗ ಯಾವಾಗ ಸಿಕ್ಕೀತೋ ಎಂದು ಕಾಯುತ್ತಿದ್ದೆವು. ಅಪ್ಪನ ತಾಯಿ, ನಮ್ಮ ಆಯಿ, ಕೋಲು ಹಿಡಿದೇ ಕೂಡುತ್ತಿದ್ದಳು.

"ಯಾರ್ಲೇ ಅದು, ಹಾಸಿನ ಕೆಳಗ ನುಸುಳಾಕತ್ತಿದ್ದು? ಕಾಲ್ ಮುರೀತೇನಿ ನೋಡ!"

ಬೆಕ್ಕಿಗೂ ಅದೇ ಬೈಗುಳ.

ಒಂದು ಚಳಿಯ ಮುಂಜಾನೆ ಹೊರಗಿದ್ದದ್ದು ನಮ್ಮದೇ ಹಾಸು. ಗಂಜಿ ಇನ್ನೂ ತೊಟ್ಟಿಕ್ಕುತ್ತಿತ್ತು. ಓಣಿಯ ಕೊನೆಯ ಮನೆಯ ಕಾಶವ್ವಕ್ಕನಿಗೆ ಹೆರಿಗೆ ನೋವು ಶುರುವಾಯಿತು, ಚೊಚ್ಚಲು ಬೇರೆ. ಸೂಲಗಿತ್ತಿ ಮುಟ್ಟಿ ನೋಡಿ, "ಕೂಸು ಅಡ್ಡ ಐತಿ, ಲಗೂನ ಜಮಖಂಡಿ ದವಾಖಾನಿಗೆ ಒಯ್ಯಿರಿ" ಎಂದಳು. ಆಟೋ ಬಂತು, ಓಣಿಯ ಬಾಯಲ್ಲೇ ನಿಂತಿತು. ಹಾಸಿನ ಬದಿಗೆ ಒಬ್ಬರು ನಡೆಯುವಷ್ಟೇ ಜಾಗ, ಹೊರಸಿನ ಮೇಲೆ ಹೊತ್ತು ತರಲೂ ಆಗದು.

ಆಯಿ ಕೋಲು ಬಿಸಾಕಿದಳು. "ಕತ್ತರಿ ತಾ. ಕಡದ ಬಿಡೂಣು."

ಅವ್ವ ಕತ್ತರಿ ತರಲು ಒಳಗೆ ಹೋದಳು. ಅವಳೂ ಅಪ್ಪನೂ ಜೀವ ತೇದು ಮಾಡಿದ ಹಾಸು ಅದು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಎದುರುಮನೆಯ ಸಿದ್ದಪ್ಪ ಕಾಕಾ ಕೂಗಿದ: "ಕಡೀಬ್ಯಾಡ್ರಿ ಆಯಿ! ಎತ್ತೂಣು! ಎಲ್ಲಾರೂ ಹೊರಗ ಬರ್ರಿ!"

ಮಗ್ಗದ ಸದ್ದು ಗಪ್ಪಂತ ನಿಂತಿತು. ಮನೆಮನೆಯಿಂದ ಮಂದಿ ಓಡಿಬಂದರು. ಗೂಟದಿಂದ ಹಾಸು ಬಿಚ್ಚಿ, ಕೋಲು ಕೊಟ್ಟು, ಕೈ ಕೊಟ್ಟು, ಇಡೀ ಹಾಸನ್ನು ತಲೆಯ ಮೇಲೆ ಹಂದರದಂತೆ ಎತ್ತಿ ಹಿಡಿದರು. ನಾವೂ ಕಟ್ಟೆ ಹತ್ತಿ ಕೈ ಚಾಚಿದೆವು. ಆಟೋ ಅಡಿಯಿಂದ ಹೋಗಿ, ಕಾಶವ್ವಕ್ಕನನ್ನು ಕೂರಿಸಿಕೊಂಡು ಅಡಿಯಿಂದಲೇ ಹೊರಬಿತ್ತು. ಗಂಜಿ ನಮ್ಮ ತಲೆಯ ಮೇಲೆಲ್ಲ ಸುರಿಯಿತು. ಕೆಲವು ಎಳೆ ಹರಿದವು, ಆಯಿ ಸಂಜೆತನಕ ಗಂಟು ಹಾಕುತ್ತ ಕೂತಳು. ದೀಪ ಹಚ್ಚುವ ಹೊತ್ತಿಗೆ ಜಮಖಂಡಿಯಿಂದ ಸುದ್ದಿ ಬಂತು: ಗಂಡುಕೂಸು, ಇಬ್ಬರೂ ಛಲೋ ಇದ್ದಾರೆ.

ಈಗ ಹಾಸು ಯಂತ್ರದಲ್ಲೇ ಸುತ್ತಿಕೊಂಡು ಬರುತ್ತದೆ. ಗೂಟವಿದ್ದಲ್ಲಿ ಮೊಬೈಲ್ ಅಂಗಡಿ, ಕಟ್ಟೆಗಳ ಮುಂದೆ ಸಾಲು ಸಾಲು ಬೈಕು. ಹೋದ ವರ್ಷ ಕಾಶವ್ವಕ್ಕನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಅದೇ ಓಣಿಯ ಬಾಯಲ್ಲಿ ನಿಂತಿತು. ಯಾರ ಬೈಕೋ, ಕೀಲಿ ಯಾರ ಹತ್ತಿರವೋ! ಪವರ್‌ಲೂಮಿನ ಗದ್ದಲದಲ್ಲಿ ನಮ್ಮ ಕೂಗು ಯಾರಿಗೂ ಕೇಳಲಿಲ್ಲ. ಅವತ್ತು ಹುಟ್ಟಿದ ಆ ಮಗನೂ ನಾನೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೈಕುಗಳ ನಡುವೆ ಎತ್ತಿಕೊಂಡು ನಡೆದೆವು. ಹುಷಾರಾಗಿ ಬಂದಿದ್ದಾಳೆ, ದೇವರು ದೊಡ್ಡವನು.

ಆದರೆ ಅವತ್ತು ನಡುದಾರಿಯಲ್ಲಿ ಅವಳು ಕಣ್ಣು ತೆರೆದು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಮಂದಿ ಎಲ್ಲಿ ಹೋದ್ರವಾ? ಇವನ್ನ ಹಡಿಯಾಕ ಹೊಂಟಾಗ ಓಣಿ ತುಂಬ ಇದ್ರಲ್ಲ."

ಕುರ್ಚಿ ಹಿಡಿದಿದ್ದವರು ನಾವಿಬ್ಬರೇ.