ಅಣ್ಣ, ರೆಡಿಯಾ?

ಕಾಪುವಿನಲ್ಲಿ ನನ್ನ ಫ್ಯಾನ್ ರಿಪೇರಿ ಅಂಗಡಿಯ ಪಕ್ಕದ ಮನೆಯವರು ಗಿಟಾರು ಕಲಿಸುತ್ತಿದ್ದರು. ತಮ್ಮನ ಜೊತೆ ಬ್ಯಾಂಡು ಕಟ್ಟಿ, ಅಮೆರಿಕದ ಕಂಟ್ರಿ ಹಾಡುಗಳ ಧಾಟಿಗೆ ತಮ್ಮದೇ ಗಲಾಟೆ ಸೇರಿಸಿ, ಮೊದಲ ಆಲ್ಬಮ್ಮನ್ನು ಹಳೆಯ ಕಾಲದ ಕಪ್ಪು ರೆಕಾರ್ಡಿನಲ್ಲೇ ಮಾಡಿಸಿದ್ದರು. ಎರಡನೆಯದಕ್ಕೆ ತಮ್ಮ ಬದುಕಿ ಉಳಿಯಲಿಲ್ಲ. ಎಲ್ಲರಿಗೂ ಹಂಚಿ ಮನೆಯಲ್ಲಿ ಉಳಿದದ್ದು ಒಂದೇ ರೆಕಾರ್ಡು.

ಅದರಲ್ಲಿ ಮೊದಲ ಹಾಡಿಗೆ ಮುಂಚೆ ತಮ್ಮ, "ಅಣ್ಣ, ರೆಡಿಯಾ?" ಎಂದು ಕೇಳುತ್ತಾನೆ. ಇವರು ಪ್ರತಿ ಸಲ ತೊಡೆ ತಟ್ಟಿ, "ರೆಡಿ" ಎನ್ನುತ್ತಿದ್ದರು.

"ಮೊಬೈಲಲ್ಲಿ ಉಂಟಲ್ಲ ಮಾರಾಯ್ರೆ?" ಎಂದೆ ಒಮ್ಮೆ.

"ಹಾಡು ಉಂಟು. ಅವ ಕರೆಯುವುದನ್ನು ಕತ್ತರಿಸಿದ್ದಾರೆ."

ಒಂದು ಮಳೆಗಾಲ ರೆಕಾರ್ಡಿಗೆ ಬೂಷ್ಟು ಹಿಡಿಯಿತು. ಬಿಸಿಲು ಬಂದ ದಿನ ನಾವೆಲ್ಲ ಹಾಸಿಗೆ, ಹಪ್ಪಳ ಹಾಕುವ ಹಾಗೆ ಅವರು ಅದನ್ನು ತೊಳೆದು ಅಂಗಳದಲ್ಲಿ ಒಣಗಲು ಇಟ್ಟರು. ಸಂಜೆ ನನ್ನ ಅಂಗಡಿಗೆ ತಂದಾಗ ಬಿಸಿಲಿನ ಕಾವಿಗೆ ಅದರ ಅಂಚೆಲ್ಲ ಸೊಟ್ಟಗಾಗಿತ್ತು.

"ಎಂತಾದ್ರೂ ಮಾಡಿ ಮಾರಾಯ್ರೆ."

ಏಳನೆಗೆ ಶಾಲೆ ಬಿಟ್ಟವ ನಾನು. ಆದರೆ ನನ್ನಲ್ಲಿಗೆ ಬಂದ ಸಾಮಾನು ಹಾಗೆಯೇ ಹಿಂದೆ ಹೋದದ್ದಿಲ್ಲ. ಎರಡು ಕಡಪ ಕಲ್ಲುಗಳ ನಡುವೆ ಒತ್ತಿಟ್ಟೆ. ನಡುಭಾಗ ನೇರವಾಯಿತು, ಅಂಚು ಆಗಲಿಲ್ಲ. ರೆಕಾರ್ಡು ಶುರುವಾಗುವುದೇ ಅಂಚಿನಿಂದ.

ಅವರ ಮನೆಯ ರೆಕಾರ್ಡ್ ಪ್ಲೇಯರಿನಲ್ಲಿ ಹಾಕಿ ನೋಡಿದೆವು. ಮುಳ್ಳು ಅಂಚಿನಲ್ಲಿ ಹಾರಿ ಸೀದಾ ಹಾಡಿನ ಮೇಲೆ ಬಿತ್ತು. ತೊಡೆ ತಟ್ಟಲು ಎತ್ತಿದ ಅವರ ಕೈ ಹಾಗೆಯೇ ನಿಂತಿತು.

"ಕರೆಯಲಿಲ್ಲ, ಅಲ್ವಾ?" ಎಂದರು.

ಮುಳ್ಳನ್ನು ಎತ್ತಿ ಮತ್ತೆ ಇಟ್ಟರು. ಈ ಸಲ ಕಾಯದೆ, ತಾವೇ ಮೊದಲು "ರೆಡಿ" ಎಂದರು. ಆಗಲೂ ಹಾಡೇ ಬಂತು.