ಪ್ಯಾರಾಚೂಟ್ ಮಡಚುತ್ತಿದ್ದವಳು

ನಾನು ದರ್ಜಿ. ನನ್ನ ಹೆಂಡತಿ ಹದಿನಾರು ವರ್ಷ ಸೇನೆಯಲ್ಲಿದ್ದಳು. ಅಲ್ಲಿ ಅವಳ ಕೆಲಸ ಪ್ಯಾರಾಚೂಟ್ ಮಡಚುವುದು. "ನಾನು ಬಟ್ಟೆ ಹೊಲಿಯೋನು, ನಮ್ಮವಳು ಬಟ್ಟೆ ಮಡಚೋಳು, ಜೋಡಿ ಅಂದ್ರೆ ಇದು!" ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದೆ. ರಜೆಗೆ ಬಂದಾಗ ಅವಳ ಎದುರಿಗೂ ಹೇಳುತ್ತಿದ್ದೆ. ಅವಳೂ ನಗುತ್ತಿದ್ದಳು. ಹಾಗಾಗಿ ನಾನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ನಿವೃತ್ತಿಯಾಗಿ ಮನೆಗೆ ಬಂದಾಗ ಅವಳಿಗೆ ಮೂವತ್ತೊಂಬತ್ತು. ಮೊದಲ ತಿಂಗಳು ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದಳು. ಎರಡನೆಯ ತಿಂಗಳು ನನ್ನ ಅಂಗಡಿಯ ಗುಂಡಿ ಡಬ್ಬಿಗಳಿಗೆ ಕೈ ಹಾಕಿದಳು. ಬಿಳಿಯಲ್ಲೇ ಏಳು ಥರ ಬಿಳಿ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ. ಮೂರನೆಯ ತಿಂಗಳು ಕೆಲಸ ಹುಡುಕತೊಡಗಿದಳು.

ಒಂದು ಗೋದಾಮಿನ ಮ್ಯಾನೇಜರು ಅರ್ಜಿ ನೋಡಿ, "ಮಿಲಿಟರೀಲಿದ್ರಾ? ಒಳ್ಳೇದು, ಒಳ್ಳೇದು. ನಿಜವಾದ ಕೆಲಸ ಎಲ್ಲಾದ್ರೂ ಮಾಡಿದೀರಾ?" ಅಂದನಂತೆ. ಆ ಸಂಜೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ನನ್ನ ಅಕ್ಕ, "ಹೋಗ್ಲಿ ಬಿಡೇ, ಬಂದೂಕು ಗಿಂದೂಕು ಹಿಡಿದಿದ್ರೆ ಹೇಳ್ಕೊಳ್ಳೋಕಾದ್ರೂ ಇರ್ತಿತ್ತು" ಎಂದು ಸಮಾಧಾನ ಮಾಡಿದಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಆವಿಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಕಟ್ಟಿಡುವ ವಿಭಾಗಕ್ಕೆ ಜನ ಬೇಕೆಂದು ತಿಳಿಯಿತು. ಅರ್ಜಿಯಲ್ಲಿ 'ಹಿಂದಿನ ಅನುಭವ' ಎಂಬ ಕಡೆ ಅವಳು ಸುಮ್ಮನೆ ಒಂದು ಗೀಟು ಎಳೆದಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಆ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ಉದ್ದನೆಯ ಸ್ಟೀಲಿನ ಮೇಜು, ಗೋಡೆಗೆ ಒರಗಿದ ದೊಡ್ಡ ಬಾಯ್ಲರು, ಮೈಗೆ ಅಂಟುವ ಸೆಕೆ. ಸಂದರ್ಶನ ಮಾಡಿದವರು ತಲೆ ನರೆತ ಹೆಡ್ ನರ್ಸ್. ಜೊತೆಗೆ ಹೋಗಿದ್ದ ನನ್ನನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದರು.

"ಇಷ್ಟು ವರ್ಷ ಏನ್ ಮಾಡ್ತಿದ್ರಿ?"

"ಸೇನೆಯಲ್ಲಿ ಪ್ಯಾರಾಚೂಟ್ ಮಡಚ್ತಿದ್ದೆ, ಅಷ್ಟೇ."

"ಅಷ್ಟೇ ಅಂದ್ರೆ? ಹೇಗೆ ಮಡಚ್ತಾರೆ, ಹೇಳಿ ನೋಡೋಣ."

ಅವಳು ನಿಧಾನವಾಗಿ ಶುರು ಮಾಡಿದಳು. ಹಗ್ಗಗಳನ್ನು ಒಂದೊಂದಾಗಿ ಬಿಡಿಸುವುದು, ಮಡಿಕೆ ಜಾರದಂತೆ ಮೇಲೆ ಭಾರ ಇಡುವುದು, ಕೆಲಸಕ್ಕೆ ಮೊದಲು ಮತ್ತು ಆಮೇಲೆ ಸಲಕರಣೆ ಎಣಿಸುವುದು, ಕೊನೆಗೆ ತನ್ನ ಸಹಿ. "ಯಾವುದು ಯಾರ ಬೆನ್ನಿಗೆ ಹೋಗುತ್ತೋ ಗೊತ್ತಿರಲ್ಲ, ಮೇಡಂ. ಒಂದೊಂದ್ ಸಲ ಅಧಿಕಾರಿ ಒಂದನ್ನ ಎತ್ತಿ, ನೀನೇ ಕಟ್ಕೊಂಡು ಹಾರು ಅಂತಿದ್ರು. ಹಾರ್ತಿದ್ದೆ."

ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. ವಿಮಾನದಿಂದ ಹಾರಿದ್ದಳೇ ಇವಳು?

"ಎಣಿಕೆ ತಪ್ಪಿದ್ರೆ?" ಎಂದರು ಹೆಡ್ ನರ್ಸ್.

"ಒಂದ್ಸಲ ತಪ್ಪಿತ್ತು. ಮೂವತ್ತೆರಡು ಮಡಚಿ ಮುಗಿಸಿದ್ವಿ, ಮಡಚೋಕೆ ಬಳಸೋ ಒಂದು ಕೊಕ್ಕೆ ಕಮ್ಮಿ. ಯಾವುದ್ರೊಳಗಾದ್ರೂ ಉಳಿದಿದ್ರೆ ಅದು ಮೇಲೆ ಬಿಚ್ಕೊಳ್ಳದೇ ಹೋಗ್ಬಹುದು. ವಿಮಾನ ಕಾಯ್ತಾ ಇತ್ತು, ಅಧಿಕಾರಿ ಕೂಗಾಡ್ತಿದ್ರು. ನಾನು ಸಹಿ ಹಾಕಲ್ಲ ಅಂದೆ. ಮೂವತ್ತೆರಡನ್ನೂ ಬಿಚ್ಚಿದ್ವಿ."

"ಎಷ್ಟನೇದ್ರಲ್ಲಿ ಸಿಕ್ತು?"

"ಯಾವುದ್ರಲ್ಲೂ ಇರ್ಲಿಲ್ಲ. ಮೇಜಿನ ಕಾಲಿಗೂ ಗೋಡೆಗೂ ಮಧ್ಯೆ ಬಿದ್ದಿತ್ತು."

"ಬೈದಿರಬೇಕಲ್ಲ?"

"ಸರಿಯಾಗೇ ಬೈದ್ರು. ಮಾರನೇ ದಿನ ಮತ್ತೆ ಎಲ್ಲ ಮಡಚಿದ್ವಿ. ಅವರು ಹಾರುವಾಗ ನಾನು ಮೈದಾನದ ಅಂಚಲ್ಲಿ ನಿಂತು ಎಣಿಸ್ದೆ. ಮೂವತ್ತೆರಡೂ ಬಿಚ್ಕೊಂಡ್ವು."

ಗಿರಾಕಿಯ ಅಂಗಿಯಲ್ಲಿ ಗುಂಡುಸೂಜಿ ಮರೆತು ಕಳಿಸಿ, ಆಮೇಲೆ ಹಲ್ಲು ಕಿರಿಯುವವನು ನಾನು. ನನಗೆ ತಲೆ ಎತ್ತಲಾಗಲಿಲ್ಲ.

ಹೆಡ್ ನರ್ಸ್ ಪೆನ್ನು ತೆಗೆದು, ಅವಳು ಎಳೆದ ಗೀಟನ್ನು ಹೊಡೆದುಹಾಕಿ 'ಹದಿನಾರು ವರ್ಷ' ಎಂದು ಬರೆದರು. "ಒಂದು ಕತ್ತರಿ ಕಮ್ಮಿ ಬಂದ್ರೆ ಇಲ್ಲಿ ರೋಗಿಯ ಹೊಟ್ಟೆ ಹೊಲಿಯೋ ಹಾಗಿಲ್ಲಮ್ಮ. ಡಾಕ್ಟರು ಎಷ್ಟೇ ಕೂಗಾಡ್ಲಿ. ಕತ್ತರಿಗಳ ಹೆಸರು ನಾನು ವಾರದಲ್ಲಿ ಕಲಿಸ್ತೀನಿ. ಈ ಹಟಾನ ಕಲಿಸೋಕೆ ಯಾರಿಂದಲೂ ಆಗಲ್ಲ. ಸೋಮವಾರ ಬನ್ನಿ."

ಮೆಟ್ಟಿಲ ಮೇಲೆ ಬಂದವಳೇ ಕಂಬಿ ಹಿಡಿದು ನಿಂತುಬಿಟ್ಟಳು. ಎಷ್ಟೋ ದಿನದಿಂದ ಕಟ್ಟಿದ್ದ ಉಸಿರು ಬಿಟ್ಟ ಹಾಗೆ ದೀರ್ಘವಾಗಿ ಉಸಿರು ಬಿಟ್ಟಳು. ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ನಗುತ್ತಿತ್ತು.

"ನಾನು ಎಲ್ಲರ ಮುಂದೆ ಹಾಗೆ ತಮಾಷೆ ಮಾಡ್ತಿದ್ದೆನಲ್ಲ, ಬೇಜಾರಾಗ್ತಿತ್ತಾ?"

"ಆಗ್ತಿತ್ತು."

"ಇದನ್ನೆಲ್ಲ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಯಾವಾಗ?"

ಈಗ ಅವಳು ಅಲ್ಲಿ ಸೇರಿ ಐದು ವರ್ಷ. ಹೊಸಬರಿಗೆ ಕಲಿಸುವವಳೂ ಅವಳೇ. ಅವತ್ತು ಸಂದರ್ಶನ ಮುಗಿಸಿ ಬಸ್ಸಿನಲ್ಲಿ ಕೂತ ಮೇಲೆ, "ಮೊದಲನೇ ಸಲ ಹಾರಿದಾಗ ಹೆದರಿಕೆ ಆಯ್ತಾ?" ಎಂದು ಕೇಳಿದೆ. "ಅಯ್ಯೋ, ಅದೊಂದು ದೊಡ್ಡ ಕಥೆ" ಎಂದು ಶುರು ಮಾಡಿದಳು. ನಾವು ಇಳಿಯಬೇಕಾದ ನಿಲ್ದಾಣ ಯಾವಾಗ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಎರಡು ನಿಲ್ದಾಣ ಮುಂದೆ ಇಳಿದು, ಅವಳು ಹೇಳುತ್ತ, ನಾನು ಕೇಳುತ್ತ, ನಡೆದೇ ಮನೆಗೆ ಬಂದೆವು.