ಆ ವರ್ಷಗಳಲ್ಲಿ ಹುಡುಗ ಎಲ್ಲಿದ್ದ?

ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯದ ಹಳ್ಳಿಗಳ ವಂಶಾವಳಿಯನ್ನು ನಮ್ಮ ಕರಾವಳಿಯಲ್ಲಿದ್ದುಕೊಂಡೇ ಶ್ರದ್ಧೆಯಿಂದ ಅಭ್ಯಸಿಸಿದವರು ಯಾರೆಂದು ಕೇಳಿದರೆ, ಯೋಚಿಸದೆ ಹೇಳಬಹುದಾದ ಹೆಸರು ಪ್ರೊ. ಸುಭಾಷಿಣಿ ಅವರದು. ಉಡುಪಿಯ ಅರ್ಚಕರ ಮನೆಯಲ್ಲಿ ಹುಟ್ಟಿ, ಹಟ ಹಿಡಿದು ಜರ್ಮನ್ ಕಲಿತು, ಮಣಿಪಾಲದಲ್ಲಿ ಮೂರು ದಶಕ ಇತಿಹಾಸ ಬೋಧಿಸಿ ಈಗ ನಿವೃತ್ತರಾಗುತ್ತಿರುವ ಅವರ ಸಂಶೋಧನೆಯ ವಸ್ತು ಪೂರ್ವಜರ ಮದುವೆಯ ಪ್ರಾಯ ಮತ್ತು ಸೇನಾಸೇವೆ. ಇದರಿಂದ ಯಾರಿಗೆ ಏನು ಪ್ರಯೋಜನ ಎಂದು ನಾವು ವಿದ್ಯಾರ್ಥಿಗಳು ಬೆನ್ನ ಹಿಂದೆ ನಗುತ್ತಿದ್ದೆವು.

ಅಷ್ಟಮಿಗೆ ಹಾಸ್ಟೆಲಿನ ಮಕ್ಕಳಿಗೆಂದು ಉಂಡೆ ಚಕ್ಕುಲಿ ಹೊತ್ತು ತರುತ್ತಿದ್ದವರೂ ಅವರೇ, ಅರ್ಧ ಅಂಕ ಹೆಚ್ಚು ಕೇಳಿದರೆ ಕಣ್ಣು ಕೆಂಪಗೆ ಮಾಡುತ್ತಿದ್ದವರೂ ಅವರೇ. ಒಬ್ಬ ಪ್ರಷ್ಯದ ರೈತ ಮೂವತ್ತರ ಹತ್ತಿರ ಮದುವೆಯಾದದ್ದಕ್ಕೆ ಬಡತನವೇ ಕಾರಣವೆಂದು ನಾನು ಬರೆದಾಗ ಅವರು ಕೇಳಿದ್ದು ಒಂದೇ ಮಾತು: “ಆ ವರ್ಷಗಳಲ್ಲಿ ಹುಡುಗ ಎಲ್ಲಿದ್ದ, ವಿಜೇತಾ?” ಹುಡುಗ ಸೈನ್ಯದಲ್ಲಿದ್ದ. ಅಧಿಕಾರಿಯ ಅನುಮತಿಯಿಲ್ಲದೆ ಸೈನಿಕ ಮದುವೆಯಾಗುವಂತಿರಲಿಲ್ಲ. ಊರಿನಲ್ಲಿ ಹುಡುಗಿಯೂ ಕಾದಿದ್ದಳು.

ಆ ಪಾಠ ನನ್ನ ಬಾಳಿಗೇ ಬಂದು ನಿಲ್ಲುತ್ತದೆಂದು ಆಗ ತಿಳಿದಿರಲಿಲ್ಲ. ನಾನು ಮೆಚ್ಚಿದ ಕಾಪುವಿನ ರಿತೇಶ್ ಅಗ್ನಿವೀರರಾಗಿ ಆಯ್ಕೆಯಾದರು. ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಬೆಳ್ಮಣ್ಣಿನ ನಮ್ಮ ಮನೆಯಲ್ಲಿ ಅಮ್ಮ ಅಳಲು ಕೂತರು, ಸೋದರಮಾವ ಮುದ್ದಣ್ಣ ಬೇರೆ ಸಂಬಂಧ ನೋಡತೊಡಗಿದರು. ನಮ್ಮ ಕುಟುಂಬದಲ್ಲಿ ಮಾವನ ಮಾತಿಗೆ ಎದುರಿಲ್ಲ. ಸುದ್ದಿ ತಿಳಿದ ಮೇಡಂ ಮರುದಿನವೇ ಬಸ್ಸು ಹತ್ತಿ ಬಂದು, ಒಂದು ಪ್ರಷ್ಯದ ಕುಟುಂಬದ ವಂಶವೃಕ್ಷವನ್ನು ಜಗಲಿಯಲ್ಲಿ ಹಾಸಿ, ಕಾದು ಮದುವೆಯಾದವರನ್ನೆಲ್ಲ ತೋರಿಸಿದರು.

ಮಾವ ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದರು. “ಇದರಲ್ಲಿ ಸೋದರಮಾವ ಎಲ್ಲಿ ಮೇಡಂ?”

“ಅಲ್ಲಿ ಸೋದರಮಾವನಿಗೆ ಜಾಗ ಇಲ್ಲ. ಒಪ್ಪಿಗೆ ಕೊಡಬೇಕಾದವ ಸೈನ್ಯದ ಅಧಿಕಾರಿ.”

“ಎಂತ ಅವಸ್ಥೆ ಮಾರಾಯ್ರೆ! ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಮಾವ ಉಂಟು.”

“ಹೌದಲ್ವಾ? ಸೈನ್ಯದ ಒಪ್ಪಿಗೆಗೆ ನಾಲ್ಕು ವರ್ಷ ಕಾಯಲೇಬೇಕು. ಮಾವನ ಒಪ್ಪಿಗೆ ಇವತ್ತೇ ಸಿಗಬಹುದಲ್ಲ?”

ಮಾವ ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಅಮ್ಮನಿಗೆ, “ಕುಶಲಾ, ಮೇಡಂಗೆ ಎಲೆ ಹಾಕು. ಊಟ ಮಾಡಿಯೇ ಹೋಗಬೇಕು. ಹುಡುಗ ಬರಲಿ, ಕಾಯುವ,” ಎಂದರು. ನಾನು ಅಡುಗೆಮನೆಗೆ ಓಡಿಹೋಗಿ ಅತ್ತೆ.

ರಿತೇಶ್ ಅವರ ಸೇವಾವಧಿ ಈಗ ಮುಗಿಯುತ್ತಾ ಬಂದಿದೆ. ಮದುವೆ ಕಾರ್ಕಳದಲ್ಲಿ, ಮಾವನ ಪಕ್ಕದ ಕುರ್ಚಿ ಮೇಡಂ ಅವರದೆಂದು ಮಾವನೇ ಸಾರಿಬಿಟ್ಟಿದ್ದಾರೆ.

ಪೂಜ್ಯ ಗುರುಗಳಿಗೆ ಆರೋಗ್ಯವೂ ದೀರ್ಘಾಯುಷ್ಯವೂ ಕೂಡಿಬರಲಿ. ನಿವೃತ್ತಿಯ ನೆಪದಲ್ಲಿ ಅವರು ಪಾಠ ನಿಲ್ಲಿಸದಿರಲಿ. ಮುಂದೊಂದು ದಿನ ಯಾರೋ ನಮ್ಮ ವಂಶವೃಕ್ಷ ಬಿಡಿಸುತ್ತಾ, ಈ ವಿಜೇತಾಳಿಗೆ ಮದುವೆ ಯಾಕೆ ತಡವಾಯಿತೆಂದು ಏನೇನೋ ಊಹಿಸಬಹುದು. ಆಗ ಪಕ್ಕದಲ್ಲಿ ನಮ್ಮ ಮೇಡಂ ಪಾಠ ಕೇಳಿದವರೊಬ್ಬರು ಇರಲಿ, ಆ ವರ್ಷಗಳಲ್ಲಿ ಹುಡುಗ ಎಲ್ಲಿದ್ದ ಎಂದು ಕೇಳಲಿ.